ಬಾಯಿ ಬಿಡದ ಮಗ

ತಂದೆತಾಯಿಗಳಿಗೂ ಪ್ರಾಯಕ್ಕೆ ಬಂದ ಮಕ್ಕಳಿಗೂ ನಡುವೆ ಬೀಳುವ ಬಿರುಕು ಕನ್ನಡ ಕಾದಂಬರಿಗೆ ಹೊಸ ವಸ್ತುವೇನೂ ಅಲ್ಲ. ಕೂಡು ಕುಟುಂಬವಿದ್ದಲ್ಲಿ ಪಾಲಿನ ಮಾತು ಬರುತ್ತದೆ, ಪಾಲಿನ ಮಾತು ಬಂದಲ್ಲಿ ಮುನಿಸು ಹುಟ್ಟುತ್ತದೆ. ಕಾದಂಬರಿಕಾರನಿಗೆ ಇಷ್ಟು ಸಾಕು. ಒಂದು ಕಾಲಕ್ಕೆ ನಮ್ಮ ಮನೆಮನೆಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಸಾಂಸಾರಿಕ ಕಾದಂಬರಿಗಳಲ್ಲಿ ಮಗ ಹೆಂಡತಿಯ ಮಾತು ಕೇಳಿ ಬೇರೆಯಾಗುತ್ತಿದ್ದ, ತಾಯಿ ಹಾಸಿಗೆ ಹಿಡಿಯುತ್ತಿದ್ದಳು, ಕೊನೆಯ ಪ್ರಕರಣದಲ್ಲಿ ಎಲ್ಲರೂ ಒಂದೆಡೆ ಸೇರಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಂಥವನ್ನು ನಾನು ಹಗುರಾಗಿ ಕಾಣುವವನಲ್ಲ. ಗೋಕಾವಿಯಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ 1962ರಲ್ಲಿ ಚಲಚ್ಚಿತ್ರವಾದಾಗ ಅದಕ್ಕೆ ಇಟ್ಟ ಹೆಸರು ‘ಕರುಣೆಯೇ ಕುಟುಂಬದ ಕಣ್ಣು’. ಆ ಬಗೆಯ ಸಾಹಿತ್ಯದ ನಂಬಿಕೆಯೆಲ್ಲ ಆ ಮೂರು ಶಬ್ದಗಳಲ್ಲಿದೆ. ಕರುಣೆಯೊಂದಿದ್ದರೆ ಒಡೆದದ್ದು ಕೂಡುತ್ತದೆ ಎಂದು ಓದುಗರು ನಂಬಿದ್ದರು, ಬರೆಯುವವರೂ ನಂಬಿದ್ದರು.

ಆದರೆ ಕರುಣೆ ಇದ್ದೂ ಕೂಡದ ಸಂಬಂಧಗಳಿರುತ್ತವೆ. ಅಲ್ಲಿ ಕೆಟ್ಟವರು ಯಾರೂ ಇರುವುದಿಲ್ಲ. ಬಾಗಿಲು ಹಾಕಿದವರು ಯಾರು ಎಂದು ಕೇಳಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಂಥ ಒಂದು ಸಂಬಂಧವನ್ನು ಎದುರಿಗಿಟ್ಟುಕೊಂಡು ಬರೆದ ಕೃತಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’. 1965ರಲ್ಲಿ ಬಂದ ಈ ಕಾದಂಬರಿಯ ಬಗ್ಗೆ ನಮ್ಮಲ್ಲಿ ಆದಷ್ಟು ಚರ್ಚೆ ಬೇರೆ ಕಾದಂಬರಿಗಳ ಬಗ್ಗೆ ಆದದ್ದು ಕಡಿಮೆ. ಆದರೂ ಆ ಚರ್ಚೆಯೆಲ್ಲ ಹೆಚ್ಚಾಗಿ ಒಂದೇ ಹಳಿಯ ಮೇಲೆ ಓಡಿತು. ವಿಧವೆಯ ಮರುಮದುವೆ ಸರಿಯೋ ತಪ್ಪೋ, ಲೇಖಕರು ಸಂಪ್ರದಾಯದ ಪಕ್ಷವೋ ಸುಧಾರಣೆಯ ಪಕ್ಷವೋ ಎಂಬುದೇ ಪ್ರಶ್ನೆಯಾಯಿತು. ಆ ಹಳಿಯನ್ನು ಬಿಟ್ಟು, ಕಾದಂಬರಿಯ ಉತ್ತರಾರ್ಧದಲ್ಲಿ ಬರುವ ಒಬ್ಬ ಕಾಲೇಜು ಹುಡುಗನ ಕಡೆಗೆ ವಾಚಕರ ಗಮನ ಸೆಳೆಯಬೇಕೆಂದು ನನ್ನ ಇಚ್ಛೆ.

ಕಥೆ ಬಹುಮಂದಿಗೆ ಗೊತ್ತಿದ್ದದ್ದೇ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ನಂಜುಂಡ ಕಪಿಲೆಯಲ್ಲಿ ಮುಳುಗಿ ತೀರಿಕೊಂಡ. ಸೊಸೆ ಕಾತ್ಯಾಯನಿಯ ಕೈಯಲ್ಲಿ ಎಳೆಯ ಮಗು, ಚೀನಿ. ಸೊಸೆ ಮೈಸೂರಿಗೆ ಹೋಗಿ ಕಾಲೇಜು ಓದುತ್ತೇನೆ ಎಂದಾಗ ಒಪ್ಪಿಗೆ ಕೊಟ್ಟವರು ಶ್ರೋತ್ರಿಗಳೇ. ಅಲ್ಲಿ ಅವಳು ಅಧ್ಯಾಪಕನಾದ ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗುವನ್ನು ಕರೆದೊಯ್ಯಲೆಂದು ನಂಜನಗೂಡಿಗೆ ಬಂದವಳು ಬರಿಗೈಯಲ್ಲಿ ಹಿಂತಿರುಗುತ್ತಾಳೆ. ಹೊಸ ಸಂಸಾರದಲ್ಲಿ ಗರ್ಭ ನಿಲ್ಲುವುದಿಲ್ಲ. ದೇಹ ಸೋಲುತ್ತ ಹೋಗುತ್ತದೆ. ವರ್ಷಗಳ ಮೇಲೆ ಅವಳು ಪಾಠ ಹೇಳುವ ಕಾಲೇಜಿಗೇ ಚೀನಿ ವಿದ್ಯಾರ್ಥಿಯಾಗಿ ಬರುತ್ತಾನೆ. ತಾಯಿ ಮಗನನ್ನು ಗುರುತಿಸುತ್ತಾಳೆ, ಹತ್ತಿರ ಕರೆಯುತ್ತಾಳೆ. ಮಗ ಅವಳನ್ನು ತಾಯಿಯೆಂದು ಒಪ್ಪುವುದಿಲ್ಲ.

ಮಗುವನ್ನು ಕೇಳಲು ಕಾತ್ಯಾಯನಿ ಬರುವ ಪ್ರಕರಣವನ್ನು ನಾನು ಹಲವು ಸಲ ಓದಿದ್ದೇನೆ. ಬರವಣಿಗೆಯ ಶಕ್ತಿ ಅಲ್ಲಿ ಎಲ್ಲಿದೆಯೆಂದು ಪ್ರತಿ ಸಲವೂ ಹುಡುಕಿದ್ದೇನೆ. ನನಗೆ ತೋಚುವ ಮಟ್ಟಿಗೆ ಅದು ಶ್ರೋತ್ರಿಗಳ ಸೌಜನ್ಯದಲ್ಲಿದೆ. ಅವರು ಗದರಿಸುವ ಮಾವನಾಗಿದ್ದರೆ ಕಾತ್ಯಾಯನಿ ಮಗುವನ್ನು ಎತ್ತಿಕೊಂಡು ಬಂದುಬಿಡುತ್ತಿದ್ದಳು. ಜಗಳ ಅವಳಿಗೆ ಧೈರ್ಯ ಕೊಡುತ್ತಿತ್ತು. ಅವರು ಗದರಿಸುವುದಿಲ್ಲ, ತಡೆಯುವುದೂ ಇಲ್ಲ. ಮಗು ಯಾರದು, ಹೆತ್ತವಳದೋ ವಂಶದ್ದೋ ಎಂಬ ಪ್ರಶ್ನೆಯನ್ನು ಅವಳ ಮುಂದಿಟ್ಟು, ತೀರ್ಮಾನ ನಿನ್ನದೇ ಎನ್ನುತ್ತಾರೆ. ತನಗೆ ಒಳ್ಳೆಯದನ್ನೇ ಮಾಡಿದ ಹಿರಿಯರು ಹೀಗೆ ಕೈಬಿಟ್ಟು ಕೂತಾಗ ಅವರ ಮನೆಯ ಒಂದೇ ಕುಡಿಯನ್ನು ಕಿತ್ತುಕೊಂಡು ಹೋಗುವುದು ಹೇಗೆ? ಅವಳು ಸೋತದ್ದು ವಾದಕ್ಕಲ್ಲ, ಒಳ್ಳೆಯತನಕ್ಕೆ. ಇದನ್ನು ಇಷ್ಟು ಸಮರ್ಪಕವಾಗಿ ಕಂಡ ಕಾದಂಬರಿಕಾರರು ನಮ್ಮಲ್ಲಿ ಹೆಚ್ಚಿಲ್ಲ. ಭೈರಪ್ಪನವರ ತೀರ್ಪುಗಳನ್ನು ಒಪ್ಪದವರೂ ಅವರ ಈ ಕಣ್ಣನ್ನು ಮೆಚ್ಚಲೇಬೇಕು.

ಆದರೆ ಅದೇ ಕಣ್ಣು ಚೀನಿಯ ಹತ್ತಿರ ಬಂದಾಗ ಏಕೆ ಬೇಗನೆ ಹೊರಳುತ್ತದೆ? ಶ್ರೋತ್ರಿಗಳ ಮನಸ್ಸಿನ ಮೂಲೆಮೂಲೆಗೂ ನಮ್ಮನ್ನು ಕರೆದೊಯ್ಯುತ್ತಾರೆ. ಕಾತ್ಯಾಯನಿಯ ಹಗಲುರಾತ್ರಿಗಳೂ ನಮಗೆ ಗೊತ್ತು. ಮನೆಯ ಆಳು ಲಕ್ಷ್ಮಿಗೆ ಕೂಡ ತನ್ನದೊಂದು ಅಂತರಂಗವಿದೆ. ಚೀನಿ ಮಾತ್ರ ಹೊರಗಿನಿಂದಲೇ ಕಾಣುತ್ತಾನೆ. ತನ್ನನ್ನು ಬಿಟ್ಟುಹೋದ ತಾಯಿ ದಿನವೂ ಎದುರಿಗೆ ನಿಂತು ಪಾಠ ಹೇಳುವಾಗ ಹದಿನೆಂಟು ಇಪ್ಪತ್ತರ ಹುಡುಗನ ಎದೆಯಲ್ಲಿ ಏನಾಯಿತು? ಕುತೂಹಲ ಹುಟ್ಟಲಿಲ್ಲವೆ? ಸಿಟ್ಟು? ಒಂದು ಗಳಿಗೆಯಾದರೂ ಆಸೆ? ಅವನು ಆಡುವ ಮಾತು ಬಹಳ ಕಡಿಮೆ, ಅವನ ಪರವಾಗಿ ಲೇಖಕರು ಆಡುವುದು ಇನ್ನೂ ಕಡಿಮೆ. ಈ ಮೌನ ತಾಯಿಯ ಮೇಲೆ ಬೀಳುವ ಪೆಟ್ಟಿನಂತೆ ಬಂದು ಬೀಳುತ್ತದೆ. ಆದರೆ ಪೆಟ್ಟು ಕೊಟ್ಟ ಕೈ ಯಾರದೆಂದು ತಿಳಿಯುವುದಿಲ್ಲ.

ಈ ಪ್ರಶ್ನೆ ನನ್ನಲ್ಲಿ ಗಟ್ಟಿಯಾದದ್ದು ಹತ್ತರಗಿಯಲ್ಲಿ. ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರು ಅದು, ಹುಕ್ಕೇರಿ ತಾಲೂಕಿನದು. ಕಾದಂಬರಿ ಎಂಬುದು ಆ ಸೀಮೆಗೆ ಹೊರಗಿನ ಸರಕಲ್ಲ. ಅದೇ ತಾಲೂಕಿನ ಘೋಡಗೇರಿ ಚಂದ್ರಶೇಖರ ಕಂಬಾರರ ಊರು. ನೆರೆಯ ಗೋಕಾಕ ಸೀಮೆಯ ಮಲಾಮರಡಿ ಬಸವರಾಜ ಕಟ್ಟೀಮನಿಯವರದು, ಬೆಟಗೇರಿ ‘ಆನಂದಕಂದ’ ಕೃಷ್ಣಶರ್ಮರದು. ಅಲ್ಲಿ ಕೆಲವು ಓದುಗರು ಸೇರಿ ಹಳೆಯ ಕಾದಂಬರಿಗಳನ್ನು ಒಂದೊಂದಾಗಿ ಓದಿ ಚರ್ಚಿಸುವ ಕ್ರಮವಿಟ್ಟುಕೊಂಡಿದ್ದಾರೆ. ಒಂದು ಸಲ ‘ವಂಶವೃಕ್ಷ’ಕ್ಕೆ ನನ್ನನ್ನು ಕರೆದಿದ್ದರು. ನಾನು ವಾಡಿಕೆಯಂತೆ ಸಂಪ್ರದಾಯ, ಸುಧಾರಣೆ, ಧರ್ಮಸಂಕಟ ಎಂದೆಲ್ಲ ಮಾತನಾಡಿದೆ. ಸಭೆ ಸೌಜನ್ಯದಿಂದ ಕೇಳಿತು. ಮರುಮದುವೆಯ ವಿಷಯ ಅವರನ್ನು ಕೆರಳಿಸಲೇ ಇಲ್ಲ. ಹಿಂದೆ ಕೂತಿದ್ದ ಹಿರಿಯ ಹೆಣ್ಣುಮಗಳೊಬ್ಬರು ಕೊನೆಗೆ ಕೇಳಿದರು: “ಅದೆಲ್ಲಾ ಖರೇರಿ ಸರ್. ಆದ್ರ ಆ ಹುಡುಗ ಯಾಕ ಮಾತಾಡಲಿಲ್ಲ? ತಾಯಿ ಮ್ಯಾಲ ಸಿಟ್ಟಿತ್ತಂದ್ರ ಬಾಯ್ತುಂಬ ಬೈದು ಬರಬೇಕಾಗಿತ್ತು. ಬೈಯೂದಕ್ಕೂ ಒಂದು ಋಣ ಬೇಕಲ್ರಿ.”

ಅವರು ಮರುಮದುವೆಯನ್ನು ಏಕೆ ದೊಡ್ಡದು ಮಾಡಲಿಲ್ಲ ಎಂಬುದು ಆ ಭಾಗವನ್ನು ಬಲ್ಲವರಿಗೆ ತಿಳಿದದ್ದೇ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಯ ಅನೇಕ ಸಮಾಜಗಳಲ್ಲಿ ‘ಉಡಿಕಿ’ ಎಂಬ ಪದ್ಧತಿ ಹಿಂದಿನಿಂದ ನಡೆದುಬಂದದ್ದು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಮೊದಲ ಮದುವೆಯ ಸಡಗರವೊಂದೂ ಇಲ್ಲದೆ ಇನ್ನೊಂದು ಮನೆ ಸೇರಿಸುತ್ತಾರೆ. ಉಡಿಕಿಯಾದವಳಿಗೆ ಪೂರ್ಣ ಮುತ್ತೈದೆಯ ಮಾನವಿಲ್ಲ. ಮಂಗಲಕಾರ್ಯಗಳಲ್ಲಿ ಅವಳು ಮುಂದೆ ನಿಲ್ಲುವುದಿಲ್ಲ. ಹಾಗೆಂದು ಅವಳ ಸಂಸಾರವನ್ನು ಪಾಪವೆಂದು ಯಾರೂ ಎಣಿಸುವುದಿಲ್ಲ. ಆದರೆ ಒಂದು ಕರಾರು ಬಹುಮಟ್ಟಿಗೆ ಎಲ್ಲೆಡೆ ಉಂಟು. ಮೊದಲ ಗಂಡನ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಆ ಮನೆತನಕ್ಕೇ ಸೇರಿದವರು. ತಾಯಿ ಹೋಗಬಹುದು, ಮಗ ಹೋಗಕೂಡದು. ಹಾಗಾಗಿ ತಾಯಿಯಿಂದ ಅಗಲಿ ಅಜ್ಜನ ಮನೆಯಲ್ಲಿ ಬೆಳೆದ ಗಂಡುಮಗ ಆ ಸೀಮೆಯವರಿಗೆ ಕಾದಂಬರಿಯ ಪಾತ್ರವಲ್ಲ, ಓಣಿಯಲ್ಲಿ ಕಂಡ ಮನುಷ್ಯ. ಅಂಥವನು ದೊಡ್ಡವನಾದ ಮೇಲೆ ಜಾತ್ರೆಯಲ್ಲೋ ಸಂತೆಯಲ್ಲೋ ತಾಯಿ ಎದುರಾದರೆ ಏನು ಮಾಡುತ್ತಾನೆಂಬುದು ಅವರಿಗೆ ಗೊತ್ತು. ಕೆಲವರು ಬೈಯುತ್ತಾರೆ. ಕೆಲವರು ಒಂದು ಕುಪ್ಪಸದ ಖಣ ಕೊಟ್ಟು ಹೋಗುತ್ತಾರೆ. ಮುಖ ತಿರುಗಿಸುವವರೂ ಇರುತ್ತಾರೆ. ಆದರೆ ಅವರು ಏಕೆ ಮುಖ ತಿರುಗಿಸಿದರೆಂಬುದನ್ನು ಓಣಿಯೆಲ್ಲ ಬಲ್ಲದು.

ಕಾಯಿದೆಯೂ ಈ ಕರಾರಿಗೆ ಹೊರಗಿನದಾಗಿರಲಿಲ್ಲ. ಹತ್ತರಗಿ ಆಗ ಮುಂಬಯಿ ಇಲಾಖೆಗೆ ಸೇರಿದ್ದರಿಂದ ಅಲ್ಲಿಗೂ ಅನ್ವಯಿಸುತ್ತಿದ್ದ 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆ ವಿಧವೆಗೆ ಮದುವೆಯ ಹಕ್ಕನ್ನು ಕೊಟ್ಟಿತು. ಅದೇ ಕೈಯಿಂದ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕನ್ನು ತೆಗೆದುಕೊಂಡಿತು. ಮರುಮದುವೆಯಾದವಳ ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸಿರೆಂದು ಸತ್ತ ಗಂಡನ ಕಡೆಯವರು ನ್ಯಾಯಾಲಯಕ್ಕೆ ಅರ್ಜಿ ಹಾಕಿಕೊಳ್ಳಲೂ ದಾರಿ ಮಾಡಿಕೊಟ್ಟಿತು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದ ಫಲವೆಂದು ನಾವು ಕೊಂಡಾಡುವ ಕಾಯಿದೆಯಲ್ಲೇ ಇದೂ ಇತ್ತು. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆಯಲ್ಲಿ ತಂದೆಯ ನಂತರ ತಾಯಿಯೇ ಸ್ವಾಭಾವಿಕ ಪೋಷಕಳು. ಮರುಮದುವೆಯಾದಳೆಂಬ ಕಾರಣಕ್ಕೆ ಅವಳ ಆ ಹಕ್ಕು ಹೋಗುವುದಿಲ್ಲ. ‘ವಂಶವೃಕ್ಷ’ ಅಚ್ಚಾದದ್ದು ಈ ಎರಡನೆಯ ಕಾಯಿದೆಯ ಕಾಲದಲ್ಲಿ, ಕಥೆ ನಡೆಯುವುದು ಅದಕ್ಕೂ ಮೊದಲು, ಅದೂ ಮೈಸೂರು ಸಂಸ್ಥಾನದಲ್ಲಿ. ಶ್ರೋತ್ರಿಗಳ ಮಾತಿನಲ್ಲಿ ಕಾಯಿದೆಗೆ ಬೆಲೆಯಿಲ್ಲ. ಅವರು ಧರ್ಮವನ್ನು ಕುರಿತು ಕೇಳುತ್ತಾರೆ. ಆದರೆ ಹತ್ತರಗಿಯ ಕಟ್ಟೆಯಿಂದ ನೋಡಿದಾಗ ಆ ಧರ್ಮಪ್ರಶ್ನೆಯ ಒಳಗೆ ಹಳೆಯ ಕರಾರೇ ಕೂತಿದ್ದು ಕಾಣುತ್ತದೆ. ಸೊಸೆ ಹೋಗಬಹುದು, ಮೊಮ್ಮಗ ಹೋಗಕೂಡದು. ಶ್ರೋತ್ರಿಗಳ ಪಾಂಡಿತ್ಯ ಈ ಮಾತಿಗೆ ಗಾಂಭೀರ್ಯ ತಂದುಕೊಟ್ಟಿತು, ಅಷ್ಟೆ. ಮಾತು ಮಾತ್ರ ಊರೂರಿನದು.

ಇದನ್ನು ಹೇಳುವುದರಿಂದ ಕಾದಂಬರಿಯನ್ನು ಚಿಕ್ಕದು ಮಾಡಿದಂತಾಗುವುದಿಲ್ಲ. ಏಕೆಂದರೆ ಕಾದಂಬರಿಗೇ ಇದು ಗೊತ್ತಿದೆ. ಕೊನೆಯ ಭಾಗದಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ತಂದೆಯೆಂದು ತಿಳಿದಿದ್ದವರು ತಂದೆಯಲ್ಲ. ಅಣ್ಣತಮ್ಮಂದಿರ ಆಸ್ತಿಯ ದ್ವೇಷದಲ್ಲಿ, ಪಾಲು ಎದುರಾಳಿಯ ಕೈಗೆ ಹೋಗದಿರಲೆಂದು ಹೊರಗಿನವನೊಬ್ಬನಿಂದ ಪಡೆದ ಸಂತಾನ ತಾವು. ಯಾವ ವಂಶದ ಹೆಸರಿನಲ್ಲಿ ತಾಯಿಯಿಂದ ಮಗನನ್ನು ಉಳಿಸಿಕೊಂಡರೋ ಆ ವಂಶದಲ್ಲಿ ಅವರ ರಕ್ತವೇ ಇರಲಿಲ್ಲ! ವಿಮರ್ಶಕರು ಈ ತಿರುವನ್ನು ಸಾಮಾನ್ಯವಾಗಿ ಶ್ರೋತ್ರಿಗಳ ಆಧ್ಯಾತ್ಮಿಕ ಬಿಕ್ಕಟ್ಟೆಂದು ವಿವರಿಸುತ್ತಾರೆ. ಅವರು ಸಂನ್ಯಾಸಕ್ಕೆ ಹೊರಡುತ್ತಾರಾದ್ದರಿಂದ ಆ ವಿವರಣೆ ಸಹಜವೇ. ಆದರೆ ಈ ಗುಟ್ಟನ್ನು ಹಿಂದಕ್ಕೆ ಒಯ್ದು, ಮಗುವನ್ನು ಕೇಳಲು ಸೊಸೆ ಬಂದ ಆ ದಿನದ ಮುಂದೆ ಇಟ್ಟು ನೋಡಿ. ಅಂದು ಶ್ರೋತ್ರಿಗಳಿಗೆ ಇದು ಗೊತ್ತಿದ್ದರೆ ಅವರು ಆ ಪ್ರಶ್ನೆಯನ್ನು ಕೇಳಲು ಸಾಧ್ಯವಿತ್ತೆ? ಇರಲಿಲ್ಲ. ಹಾಗಾದರೆ ತಾಯಿಮಗನ ನಡುವೆ ಕಳೆದುಹೋದ ಅಷ್ಟು ವರ್ಷಗಳು ಒಂದು ಮನೆತನದ ಸುಳ್ಳು ದಾಖಲೆಗೆ ತೆತ್ತ ಬೆಲೆಯಾಯಿತು. ಮಗನ ಮೌನವೂ ಅದೇ ಸುಳ್ಳಿಗೆ ಕಟ್ಟಿದ ಕಂದಾಯ.

ಇಲ್ಲಿ ನನಗೆ ಲೇಖಕರ ಒಲವು ಒಂದು ಕಡೆ, ಅವರೇ ಕಟ್ಟಿದ ಕಥೆಯ ನ್ಯಾಯ ಇನ್ನೊಂದು ಕಡೆ ನಿಂತಂತೆ ಕಾಣುತ್ತದೆ. ಒಲವು ಶ್ರೋತ್ರಿಗಳ ಪರ. ಕಾತ್ಯಾಯನಿಯ ಗರ್ಭಪಾತಗಳು ಒಂದಾದ ಮೇಲೊಂದು ಬರುವ ರೀತಿಯಲ್ಲಿ ಪ್ರಕೃತಿಯೇ ಅವಳ ಮೇಲೆ ಮುನಿದಂಥ ಧ್ವನಿಯಿದೆ, ಮತ್ತು ಮೊದಲ ಓದುಗರಲ್ಲಿ ಬಹಳ ಜನ ಅದನ್ನು ಹಾಗೆಯೇ ತೆಗೆದುಕೊಂಡರು. ಕಥೆಯ ನ್ಯಾಯವಾದರೋ ಶ್ರೋತ್ರಿಗಳ ನೆಲೆಯನ್ನೇ ಕಿತ್ತುಹಾಕುತ್ತದೆ. ದೊಡ್ಡ ಕೃತಿಗಳಲ್ಲಿ ಹೀಗಾಗುವುದುಂಟು. ಟಾಲ್‌ಸ್ಟಾಯ್ ‘ಅನ್ನಾ ಕರೆನಿನಾ’ದಲ್ಲಿ ಗಂಡನನ್ನು ಬಿಟ್ಟು ಹೋದ ಹೆಂಗಸಿಗೆ ಶಿಕ್ಷೆ ಕೊಟ್ಟರು ಎನ್ನುವವರು, ಅನ್ನಾ ಮಗನ ಹುಟ್ಟುಹಬ್ಬದ ಬೆಳಗ್ಗೆ ಗಂಡನ ಮನೆಗೆ ನುಗ್ಗಿ ಅವನನ್ನು ನೋಡುವ ಪ್ರಕರಣವನ್ನು ಮರೆಯುತ್ತಾರೆ. ಆ ಮಗ ಸೆರ್ಯೋಷಾ ಇನ್ನೂ ಎಳೆಯ. ತಾಯಿ ಸತ್ತಳೆಂದು ಅವನಿಗೆ ಹೇಳಿದ್ದಾರೆ, ಅವನು ನಂಬಿಲ್ಲ. ಟಾಲ್‌ಸ್ಟಾಯ್ ಆ ಹುಡುಗನ ಒಳಗೆ ಇಳಿದು ನೋಡುತ್ತಾರೆ. ಮುಂದೆ ಶಾಲೆಗೆ ಸೇರಿದ ಅದೇ ಹುಡುಗ ತಾಯಿಯ ನೆನಪನ್ನು ಹೆಣ್ಣಿಗತನವೆಂದು ಒಳಗೇ ಅದುಮಿಕೊಳ್ಳುವುದನ್ನೂ ನಮಗೆ ತೋರಿಸುತ್ತಾರೆ. ಮಗ ಬಾಯಿ ಬಿಡದಿದ್ದರೂ ಅಲ್ಲಿ ಆ ಮೌನ ಹೇಗೆ ಹೆಪ್ಪುಗಟ್ಟಿತೆಂದು ಗೊತ್ತಾಗುತ್ತದೆ. ಚೀನಿಯ ಮೌನದ ಹಿಂದೆ ಹೋಗಲು ನಮಗೆ ಅಂಥದೊಂದು ಕಿಂಡಿಯೂ ಇಲ್ಲ.

ಇನ್ನೊಂದು ತಾರತಮ್ಯವನ್ನು ಇಲ್ಲೇ ಹೇಳಿಬಿಡಬೇಕು. ಇದೇ ಕಾದಂಬರಿಯಲ್ಲಿ ಮನೆ ಬಿಟ್ಟ ಇನ್ನೊಬ್ಬರಿದ್ದಾರೆ. ರಾಜನ ಅಣ್ಣ, ಇತಿಹಾಸ ಪಂಡಿತ ಸದಾಶಿವರಾಯರು. ಹೆಂಡತಿ ನಾಗಲಕ್ಷ್ಮಿಯನ್ನೂ ಮಗ ಪೃಥ್ವಿಯನ್ನೂ ಬಿಟ್ಟು, ಸಿಂಹಳದಿಂದ ಸಂಶೋಧನೆಗೆಂದು ಬಂದ ಕರುಣೆಯನ್ನು ಮದುವೆಯಾದವರು. ಅವರೂ ದೇಹವನ್ನು ಸವೆಸಿ ಸಾಯುತ್ತಾರೆ, ನಿಜ. ಆದರೆ ಮಹಾಗ್ರಂಥದ ಸಂಪುಟಗಳನ್ನು ಬರೆದು ಮುಗಿಸಿ ಸಾಯುತ್ತಾರೆ. ಬಿಟ್ಟುಹೋದ ತಂದೆಗೆ ಕೃತಿಯೊಂದು ಉಳಿಯಿತು. ಬಿಟ್ಟುಹೋದ ತಾಯಿಗೆ ಬಸಿರೂ ಉಳಿಯಲಿಲ್ಲ. ಪೃಥ್ವಿಯ ಮನಸ್ಸೂ ನಮಗೆ ಹೆಚ್ಚು ತೆರೆದಿಲ್ಲವೆಂಬುದನ್ನು ಗಮನಿಸಿದರೆ, ಬಿಟ್ಟುಹೋದವರ ಮಕ್ಕಳನ್ನು ಮಾತನಾಡಿಸುವ ಗೊಡವೆಗೆ ಈ ಕಾದಂಬರಿ ಹೋಗಿಲ್ಲವೆಂದು ಒಪ್ಪಬೇಕಾಗುತ್ತದೆ.

ಇದು ಭೈರಪ್ಪನವರೊಬ್ಬರ ಕೊರತೆಯೆ? ಹಾಗೆ ಹೇಳುವುದು ಅನ್ಯಾಯವಾದೀತು. ನಮ್ಮ ಕಥನ ಪರಂಪರೆಯೇ ಮುನಿದ ಮಕ್ಕಳಿಗೆ ಮಾತು ಕೊಟ್ಟದ್ದು ಕಡಿಮೆ. ಮಹಾಭಾರತದಲ್ಲಿ ಯಯಾತಿ ತನ್ನ ಮುಪ್ಪನ್ನು ತೆಗೆದುಕೊಳ್ಳಿರೆಂದು ಮಕ್ಕಳನ್ನು ಕೇಳುತ್ತಾನೆ. ಯದು ಮೊದಲಾದ ನಾಲ್ವರು ಒಲ್ಲೆವೆನ್ನುತ್ತಾರೆ, ಶಾಪ ಪಡೆಯುತ್ತಾರೆ. ಒಪ್ಪಿದ ಪೂರುವಿಗೆ ರಾಜ್ಯ. ಭೀಷ್ಮನಾದರೂ ತಂದೆಯ ಸುಖಕ್ಕಾಗಿ ತನ್ನ ಸಂಸಾರವನ್ನು ಬಿಟ್ಟುಕೊಟ್ಟೇ ಭೀಷ್ಮನಾದವನು. ಕೆಲಕಾಲ ಬೆಳಗಾವಿಯಲ್ಲೂ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಈಡಿಪಸ್ ಕಥೆಯ ಭಾರತೀಯ ರೂಪಗಳನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ. ಗ್ರೀಕರಲ್ಲಿ ಮಗ ತಂದೆಯನ್ನು ಕೊಲ್ಲುತ್ತಾನೆ; ನಮ್ಮಲ್ಲಿ ಮಗ ತಂದೆಗೆ ತನ್ನನ್ನು ತೆತ್ತುಕೊಳ್ಳುತ್ತಾನೆ. ಒಲ್ಲೆನೆಂದ ಮಗನಿಗೆ ನಮ್ಮ ಕಥೆಗಳಲ್ಲಿ ಶಾಪವಿದೆ, ಸಂಭಾಷಣೆಯಿಲ್ಲ.

ಹೊಸ ಸಾಹಿತ್ಯ ಇದನ್ನು ಮುರಿಯಲು ಯತ್ನಿಸಿದೆ. ಮಾಸ್ತಿಯವರ ‘ಸುಬ್ಬಣ್ಣ’ 1928ರಷ್ಟು ಹಿಂದಿನದು. ತಂದೆ ನಾರಾಯಣಶಾಸ್ತ್ರಿಗಳು ಅರಮನೆಯ ಆಶ್ರಯದ ಪೌರಾಣಿಕರು. ಮಗನಿಗೆ ಬೇಕಾದದ್ದು ಸಂಗೀತ. ಮನಸ್ಸು ಮುರಿದು ಸುಬ್ಬಣ್ಣ ಹೆಂಡತಿಯೊಡನೆ ಕಲ್ಕತ್ತೆಯವರೆಗೆ ಹೋಗುತ್ತಾನೆ. ಮಾಸ್ತಿಯವರ ದೊಡ್ಡತನವೆಂದರೆ ತಂದೆಯನ್ನೂ ಅವರು ಖಂಡಿಸುವುದಿಲ್ಲ, ಮಗನನ್ನೂ ಖಂಡಿಸುವುದಿಲ್ಲ. ಓದುಗ ಮಗನ ಜೊತೆಗೇ ಊರು ಬಿಡುತ್ತಾನೆ, ಅವನ ದಣಿವನ್ನು ತಾನೂ ಪಡುತ್ತಾನೆ. ಕಾರಂತರ ‘ಚೋಮನ ದುಡಿ’ಯಲ್ಲಿ (1933) ಮಗ ಗುರುವ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮತವನ್ನೇ ಬಿಟ್ಟು ಹೋಗುತ್ತಾನೆ. ಮಣ್ಣನ್ನು ಉಳುವ ಹಕ್ಕೇ ಇಲ್ಲದ ತಂದೆಯ ಎದುರು ಮಗನಿಗೆ ಹೋಗದೆ ಬೇರೆ ದಾರಿ ಇತ್ತೇ ಎಂದು ನಾವೇ ಕೇಳಿಕೊಳ್ಳುವಂತೆ ಕಾರಂತರು ಮಾಡುತ್ತಾರೆ. ಇನ್ನು ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’. ಓದಿಗೆಂದು ಇಂಗ್ಲೆಂಡಿಗೆ ಹೊರಟ ಇಪ್ಪತ್ತೆರಡರ ತರುಣ, ಮನೆಯವರ ನಿರೀಕ್ಷೆಗಳ ಭಾರವನ್ನು ಹೊತ್ತುಕೊಂಡಿದ್ದಾಗ ಬರೆದದ್ದು. ಅಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆ, ಮಗನ ತ್ಯಾಗವನ್ನು ಪುರಾಣ ಹೊಗಳಿದಂತೆ ಹೊಗಳಲು ನಿರಾಕರಿಸಿ ಪ್ರಾಣ ಕಳೆದುಕೊಳ್ಳುತ್ತಾಳೆ. ಮಗ ಆಡಬೇಕಾದ ಮಾತನ್ನು ಸೊಸೆ ಆಡಿದಳು.

ಕಾರ್ನಾಡರ ಹೆಸರು ಬಂದದ್ದರಿಂದ ಇನ್ನೊಂದು ಸಂಗತಿ. ‘ವಂಶವೃಕ್ಷ’ವನ್ನು ಬಿ. ವಿ. ಕಾರಂತರ ಜೊತೆ ಚಲಚ್ಚಿತ್ರವಾಗಿ ನಿರ್ದೇಶಿಸಿದವರು ಅವರೇ. 1971ರ ಸಾಲಿನಲ್ಲಿ ಇಬ್ಬರಿಗೂ ಕೂಡಿಯೇ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಎಲ್. ವಿ. ಶಾರದಾ ಅವರ ಕಾತ್ಯಾಯನಿಯನ್ನು ನೋಡಿದವರು ಆ ಮುಖವನ್ನು ಮರೆತಿರಲಾರರು. ನಲವತ್ತು ವರ್ಷಗಳ ಮೇಲೆ, 2011ರಲ್ಲಿ, ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಪ್ರಕಟಿಸಿದಾಗ ಬಹಳ ಓದುಗರು ಒಂದು ವಿಷಯ ತಿಳಿದು ಬೆರಗಾದರು. ಅವರ ತಾಯಿ ಕೃಷ್ಣಾಬಾಯಿ ಎಳೆಯ ಪ್ರಾಯದಲ್ಲೇ ವಿಧವೆಯಾದವರು, ಒಬ್ಬ ಮಗನ ತಾಯಿ. ನರ್ಸಿನ ತರಬೇತಿ ಪಡೆಯುತ್ತಿದ್ದಾಗ ಡಾ. ರಘುನಾಥ ಕಾರ್ನಾಡರ ಪರಿಚಯವಾಯಿತು. ವಿಧವೆಯನ್ನು ಮದುವೆಯಾಗಲು ಸಮಾಜದ ಅಂಜಿಕೆಯಿಂದ ಅವರಿಗೆ ಕೆಲವು ವರ್ಷಗಳೇ ಹಿಡಿದವು. ಅಂದರೆ ಕಾತ್ಯಾಯನಿಯ ಕಥೆಯನ್ನು ತೆರೆಗೆ ತಂದ ನಿರ್ದೇಶಕ ಮರುಮದುವೆಯಾದ ವಿಧವೆಯೊಬ್ಬಳ ಮಗ. ಕಾತ್ಯಾಯನಿಗೆ ಹುಟ್ಟದೇ ಹೋದ ಮಗ ಎಂದರೂ ನಡೆದೀತು. ಕಾದಂಬರಿಯ ಪ್ರಕೃತಿ ಒಪ್ಪದಿದ್ದುದನ್ನು ಲೋಕದ ಪ್ರಕೃತಿ ಯಾವ ತಕರಾರೂ ಇಲ್ಲದೆ ಒಪ್ಪಿತ್ತು. ಕಥೆಗೂ ಬದುಕಿಗೂ ಹೀಗೆ ತಾಳೆ ಹಾಕುವುದು ವಿಮರ್ಶೆಯ ನಿಯಮಕ್ಕೆ ಸರಿಹೋಗದು ಎನ್ನುವವರಿದ್ದಾರೆ. ಇರಲಿ, ಗೊತ್ತಾದದ್ದನ್ನು ಗೊತ್ತಿಲ್ಲದಂತೆ ಓದುವುದೂ ನನ್ನಿಂದಾಗದು.

ಮತ್ತೆ ಚೀನಿಗೆ ಬರೋಣ. ಅವನ ಮೌನಕ್ಕೆ ಯಾರು ಹೊಣೆ? ಶ್ರೋತ್ರಿಗಳು ತಾಯಿಯ ಮೇಲೆ ವಿಷ ಕಾರಿ ಬೆಳೆಸಿದವರಲ್ಲ. ಅದು ಅವರ ಗುಣವಲ್ಲ. ಹಾಗಾದರೆ ಹುಡುಗ ಕಲಿತದ್ದು ಎಲ್ಲಿ? ನನ್ನ ಊಹೆ ಇಷ್ಟು. ಅವನು ಆ ಮನೆಯ ಒಳ್ಳೆಯತನದಿಂದಲೇ ಕಲಿತ. ಎತ್ತಿದ ದನಿಯಿಲ್ಲದ ಮನೆ ಅದು. ಮಗನ ಸಾವನ್ನು ಹಿರಿಯರು ನುಂಗಿಕೊಂಡದ್ದು ಹೀಗೆಯೇ, ಸೊಸೆಯ ನಿರ್ಗಮನವನ್ನು ನುಂಗಿಕೊಂಡದ್ದೂ ಹೀಗೆಯೇ. ಅಲ್ಲಿ ಬೆಳೆದ ಹುಡುಗನಿಗೆ ನೋವನ್ನು ಆಡಿ ತೋರಿಸುವ ಭಾಷೆಯೇ ಸಿಕ್ಕಿಲ್ಲ. ತಾಯಿ ಎದುರಿಗೆ ಬಂದು ನಿಂತಾಗ ಅವನು ಅಜ್ಜನಂತೆಯೇ ವರ್ತಿಸುತ್ತಾನೆ. ಅಜ್ಜನಿಗೆ ಇದ್ದ ವಯಸ್ಸು, ವಿವೇಕ ಅವನಿಗಿಲ್ಲದ ಕಾರಣ ಅಜ್ಜನಲ್ಲಿ ತಾಳ್ಮೆಯಾಗಿ ಕಂಡದ್ದು ಮೊಮ್ಮಗನಲ್ಲಿ ಕಲ್ಲಾಗಿ ಕಾಣುತ್ತದೆ. ಹತ್ತರಗಿಯ ಆ ತಾಯಿ ಹೇಳಿದ ಋಣದ ಮಾತಿಗೆ ಅರ್ಥ ಬರುವುದು ಇಲ್ಲಿ. ಉಡಿಕಿಯಾದ ತಾಯಿಯನ್ನು ಸಂತೆಯಲ್ಲಿ ಬೈದ ಮಗ, ಬೈದು ಮುಗಿದ ಮೇಲೆ ಇನ್ನೇನಾದರೂ ಆಡಲು ಬಾಯಿ ತೆರೆದಿರುತ್ತಾನೆ. ಚೀನಿಯ ಮನೆತನದ ಸಂಸ್ಕಾರದಲ್ಲಿ ಬೈಗುಳಕ್ಕೆ ಜಾಗವಿಲ್ಲ. ಹಾಗಾಗಿ ಅವನ ಬಾಯಿ ತೆರೆಯುವುದೇ ಇಲ್ಲ.

ಕೊನೆಗೆ ಮಗನನ್ನು ತಾಯಿಯ ಹಾಸಿಗೆಯ ಬಳಿಗೆ ಕರೆಸುವವರು ಮತ್ತೆ ಶ್ರೋತ್ರಿಗಳೇ, ಸಂನ್ಯಾಸಕ್ಕೆ ಹೊರಟ ದಾರಿಯಲ್ಲಿ. ಅಜ್ಜನ ಮಾತಿನಂತೆ ಚೀನಿ ಮಗನ ಕರ್ತವ್ಯಕ್ಕೆ ಬರುತ್ತಾನೆ. ನಂಜನಗೂಡಿನಲ್ಲಿ ಅವನು ಉಳಿದದ್ದು ಹಿರಿಯರ ತೀರ್ಮಾನ, ಮೈಸೂರಿಗೆ ಬಂದದ್ದೂ ಹಿರಿಯರ ತೀರ್ಮಾನ. ತಾನಾಗಿ ಅವನು ಮಾಡಿದ ಒಂದೇ ಕೆಲಸವೆಂದರೆ ನಡುವೆ ಕಾಲೇಜಿನಲ್ಲಿ ತಾಯಿಯನ್ನು ಒಲ್ಲೆನೆಂದದ್ದು. ಅದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಇಡೀ ಕಾದಂಬರಿಯಲ್ಲಿ ಅವನ ಸ್ವಂತದ್ದೆನ್ನಬಹುದಾದ ಆ ಒಂದು ನಡೆಯನ್ನೂ ಒಳಗಿನಿಂದ ನೋಡಲು ಬಿಡದೆ ಅವನಿಂದ ಅಂತ್ಯವಿಧಿ ಮಾಡಿಸಿದಾಗ, ಓದುಗನಿಗೆ ದುಃಖವಾಗುತ್ತದೆ. ಅವರಿಬ್ಬರು ಕೂಡಿದರೆಂದು ಮಾತ್ರ ಅನಿಸುವುದಿಲ್ಲ. ನೀರು ಬಾಯಿಗೆ ಬಿತ್ತು, ಮಾತು ಬೀಳಲಿಲ್ಲ.

ಭೈರಪ್ಪನವರಿಗೆ ಮಕ್ಕಳ ಮುನಿಸಿನ ಅನುಭವವಿರಲಿಲ್ಲವೆಂದು ಯಾರೂ ಹೇಳಲಾರರು. ಐದು ವರ್ಷಗಳ ಮೇಲೆ, 1970ರಲ್ಲಿ, ‘ಗೃಹಭಂಗ’ ಬಂತು. ಆ ಕಾದಂಬರಿಯ ತಂದೆ ಚೆನ್ನಿಗರಾಯ ಶ್ರೋತ್ರಿಗಳಿಗೆ ತದ್ವಿರುದ್ಧ. ಉಂಡು ಮಲಗುವುದನ್ನು ಬಿಟ್ಟು ಬೇರೆ ಕರ್ತವ್ಯ ತಿಳಿಯದ ಆಸಾಮಿ. ನಂಜಮ್ಮನೂ ಇಬ್ಬರು ಮಕ್ಕಳೂ ಪ್ಲೇಗಿಗೆ ತುತ್ತಾದ ಮೇಲೆ ಉಳಿದ ಹುಡುಗ ವಿಶ್ವ, ಕೊನೆಗೆ ತಂದೆಯನ್ನೂ ಊರನ್ನೂ ಬಿಟ್ಟು ಮಹಾದೇವಯ್ಯನವರ ಜೊತೆ ನಡೆದುಹೋಗುತ್ತಾನೆ. ರಕ್ತಸಂಬಂಧವಿಲ್ಲದ ಜಂಗಮನೊಬ್ಬನ ಕೈ ಹಿಡಿದ ಮಗುವನ್ನು ಲೇಖಕರು ಅಲ್ಲಿ ತಡೆಯುವುದಿಲ್ಲ, ವಂಶದ ಪ್ರಶ್ನೆಯನ್ನು ಎತ್ತುವುದೂ ಇಲ್ಲ. ಅಂಥ ಹುಡುಗನೊಬ್ಬ ದೊಡ್ಡವನಾದ ಮೇಲೆ ತನ್ನ ತಂದೆಯನ್ನು ಕುರಿತು ಏನು ಹೇಳುತ್ತಾನೆ ಎಂದು ತಿಳಿಯಬೇಕೆನ್ನುವವರು 1996ರಲ್ಲಿ ಬಂದ ‘ಭಿತ್ತಿ’ಯನ್ನು ತೆರೆಯಬೇಕು. ಅದು ಕಾದಂಬರಿಯಲ್ಲ, ಲೇಖಕರ ಆತ್ಮಕಥೆ. ಅದರಲ್ಲಿ ಮಗನೇ ಮಾತನಾಡುತ್ತಾನೆ.